ಎಂಜೋ ಫೆರಾರಿ: ಒಬ್ಬ ಒಡೆಯನ ಜೀವನ

ಕೆಲವರ ಹೆಸರು ಅವರು ಮಾಡಿದ ವಸ್ತುವಿನ ಹೆಸರಾಗಿಯೇ ಲೋಕದಲ್ಲಿ ಉಳಿದುಬಿಡುತ್ತದೆ. ಫೆರಾರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೆಂಪು ಬಣ್ಣದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರೇ ಹೊರತು ಆ ಹೆಸರಿನ ಮನುಷ್ಯನಲ್ಲ. ಆ ಮನುಷ್ಯನು ಇಟಲಿಯ ಒಂದು ಸಣ್ಣ ಪಟ್ಟಣದಲ್ಲಿ ಹುಟ್ಟಿ, ತೊಂಬತ್ತು ವರ್ಷ ಬಾಳಿ, ತನ್ನ ಊರಿನ ಸುತ್ತಮುತ್ತಲೇ ಜೀವ ಸವೆಸಿ 1988ರಲ್ಲಿ ಕಣ್ಮುಚ್ಚಿದನು. ಆತನ ಜೀವನವನ್ನು ನನಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೋಟಾರು ಪಂದ್ಯವನ್ನು ನೋಡುವವರು ಚಾಲಕನನ್ನು ನೋಡುತ್ತಾರೆ. ಸ್ವಲ್ಪ ತಿಳಿದವರು ಇಂಜಿನ್ನಿನ ಮಾತನಾಡುತ್ತಾರೆ. ಆದರೆ ಈ ಪಂದ್ಯಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ಗಮನ ಸೆಳೆದದ್ದು ಬೇರೆ ಎರಡು ಸಂಗತಿಗಳು. ಮೊದಲನೆಯದು ಟೈರು. ಕಾರು ಎಷ್ಟೇ ಬಲಶಾಲಿಯಾಗಿರಲಿ, ಅದು ಭೂಮಿಯನ್ನು ಮುಟ್ಟುವುದು ನಾಲ್ಕು ತುಂಡು ರಬ್ಬರಿನ ಮೂಲಕ ಮಾತ್ರ. ಎರಡನೆಯದು ಒಡೆತನ. ತಂಡ ಯಾರದು, ಹಣ ಯಾರದು, ಕೊನೆಯ ಮಾತು ಯಾರದು ಎಂಬುದರ ಮೇಲೆ ಪಂದ್ಯದ ಕಣದಲ್ಲಿ ನಡೆಯುವ ಎಷ್ಟೋ ವಿಷಯಗಳು ಮೊದಲೇ ನಿರ್ಧಾರವಾಗಿರುತ್ತವೆ. ಈ ಎರಡು ಸಂಗತಿಗಳೂ ಫೆರಾರಿಯ ಬಾಳಿನಲ್ಲಿ ಹೆಣೆದುಕೊಂಡಿರುವಷ್ಟು ಬೇರೆ ಯಾರ ಬಾಳಿನಲ್ಲಿಯೂ ಹೆಣೆದುಕೊಂಡಿಲ್ಲವೆಂದು ನನ್ನ ನಂಬಿಕೆ.

ಎಂಜೋ ಫೆರಾರಿಯು 1898ರ ಫೆಬ್ರವರಿ 18ರಂದು ಉತ್ತರ ಇಟಲಿಯ ಮೊದೆನಾ ಪಟ್ಟಣದಲ್ಲಿ ಜನಿಸಿದನು. ತಂದೆ ಆಲ್ಫ್ರೆಡೋ ಲೋಹದ ಕೆಲಸ ಮಾಡಿಸುವ ಸಣ್ಣ ಕಾರ್ಖಾನೆಯೊಂದನ್ನು ಇಟ್ಟುಕೊಂಡಿದ್ದನು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ, 1908ರಲ್ಲಿ, ತಂದೆ ಆತನನ್ನು ಬೊಲೋನ್ಯಾ ನಗರದಲ್ಲಿ ನಡೆದ ಮೋಟಾರು ಪಂದ್ಯಕ್ಕೆ ಕರೆದುಕೊಂಡು ಹೋದನು. ಅಂದು ಫಿಯಟ್ ಕಾರಿನಲ್ಲಿ ಫೆಲಿಚೆ ನಜ್ಜಾರೋ ಎಂಬ ಚಾಲಕನು ಗೆದ್ದನು. ಹುಡುಗನ ಮನಸ್ಸು ಅಲ್ಲಿಯೇ ನೆಟ್ಟಿತು.

ಆದರೆ ವಿಧಿ ಆತನಿಗೆ ಸುಲಭವಾದ ದಾರಿಯನ್ನು ಕೊಡಲಿಲ್ಲ. 1916ರಲ್ಲಿ ತಂದೆಯೂ ಅಣ್ಣನೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಕುಟುಂಬದ ಕಾರ್ಖಾನೆ ಮುಚ್ಚಿಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದ ಎಂಜೋವಿಗೆ ಬೆಟ್ಟದ ಫಿರಂಗಿ ದಳದಲ್ಲಿ ಹೇಸರಗತ್ತೆಗಳಿಗೆ ಲಾಳ ಹೊಡೆಯುವ ಕೆಲಸ ಸಿಕ್ಕಿತು. ಕಾಯಿಲೆ ಬಿದ್ದು, ಸಾವಿನ ಬಾಗಿಲು ಮುಟ್ಟಿ, ಸೈನ್ಯದಿಂದ ಬಿಡುಗಡೆ ಹೊಂದಿ ಹಿಂದಿರುಗಿದನು. ಯುದ್ಧ ಮುಗಿದ ಚಳಿಗಾಲದಲ್ಲಿ ಟ್ಯೂರಿನ್ ನಗರಕ್ಕೆ ಹೋಗಿ ಫಿಯಟ್ ಸಂಸ್ಥೆಯಲ್ಲಿ ಕೆಲಸ ಕೇಳಿದನು. ಸಂಸ್ಥೆಯವರು ಇಲ್ಲವೆಂದರು. ಆ ದಿನ ವಾಲೆಂಟಿನೋ ಉದ್ಯಾನದ ಒಂದು ಬೆಂಚಿನ ಮೇಲೆ ಕುಳಿತು ಆತನು ಅತ್ತನೆಂದು ಮುಂದೆ ತಾನೇ ಬರೆದ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ. ಈ ಫಿಯಟ್ ಸಂಸ್ಥೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಐವತ್ತು ವರ್ಷಗಳ ನಂತರ ಅದು ಮತ್ತೆ ಈ ಕಥೆಯೊಳಗೆ ಬರುತ್ತದೆ.

ಅಂತೂ ಮಿಲಾನಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ, 1919ರಲ್ಲಿ ಫೆರಾರಿ ಮೊದಲ ಬಾರಿಗೆ ಪಂದ್ಯದ ಕಾರು ಓಡಿಸಿದನು. 1920ರಲ್ಲಿ ಆಲ್ಫಾ ರೋಮಿಯೋ ಸಂಸ್ಥೆಯ ಸಂಬಂಧ ಬೆಳೆಯಿತು. ಅದೇ ವರ್ಷ ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೋ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆದನು. 1923ರಲ್ಲಿ ರಾವೆನ್ನಾದ ಸಾವಿಯೋ ಪಂದ್ಯವನ್ನು ಗೆದ್ದಾಗ, ಯುದ್ಧದಲ್ಲಿ ಮಡಿದ ವಿಮಾನವೀರ ಫ್ರಾಂಚೆಸ್ಕೋ ಬರಾಕ್ಕಾನ ತಂದೆಯ ಪರಿಚಯವಾಯಿತು. ಆ ವೀರನ ವಿಮಾನದ ಮೇಲಿದ್ದ, ಹಿಂಗಾಲ ಮೇಲೆ ನಿಂತ ಕಪ್ಪು ಕುದುರೆಯ ಲಾಂಛನವನ್ನು ಮಗನ ನೆನಪಿಗಾಗಿ ತಾಯಿಯು ಫೆರಾರಿಗೆ ಕೊಟ್ಟಳು. ಅದರ ಹಿಂದೆ ಮೊದೆನಾ ಪಟ್ಟಣದ ಹಳದಿ ಬಣ್ಣವನ್ನು ಸೇರಿಸಿದವನು ಫೆರಾರಿ. ಇಂದು ಜಗತ್ತಿನ ಮೂಲೆಮೂಲೆಯ ಮಕ್ಕಳಿಗೂ ಪರಿಚಿತವಾದ ಗುರುತು ಅದು.

ಫೆರಾರಿ ಒಳ್ಳೆಯ ಚಾಲಕನಾಗಿದ್ದನು, ಮಹಾ ಚಾಲಕನಾಗಿರಲಿಲ್ಲ. ಅದನ್ನು ಆತನು ಬೇಗನೆ ಅರಿತದ್ದೇ ಆತನ ಜಾಣ್ಮೆ. ಜನರನ್ನು ಕೂಡಿಸುವುದರಲ್ಲಿ, ಅವರಿಂದ ಕೆಲಸ ತೆಗೆಯುವುದರಲ್ಲಿ, ಹಣವಿದ್ದವನನ್ನೂ ಹಸ್ತಕೌಶಲವಿದ್ದವನನ್ನೂ ಒಂದು ಸೂರಿನ ಕೆಳಗೆ ತರುವುದರಲ್ಲಿ ಆತನಿಗೆ ಸಮಾನರಿರಲಿಲ್ಲ. 1929ರ ನವೆಂಬರಿನಲ್ಲಿ ಮೊದೆನಾದಲ್ಲಿ ಸ್ಕುದೇರಿಯಾ ಫೆರಾರಿ ಎಂಬ ಸಂಸ್ಥೆ ಸ್ಥಾಪಿತವಾಯಿತು. ಸ್ಕುದೇರಿಯಾ ಎಂದರೆ ಕುದುರೆ ಲಾಯ. ಶ್ರೀಮಂತ ಹವ್ಯಾಸಿಗಳಿಗಾಗಿ ಆಲ್ಫಾ ಕಾರುಗಳನ್ನು ಸಿದ್ಧಪಡಿಸಿ, ಪಂದ್ಯದ ಸ್ಥಳಕ್ಕೆ ಸಾಗಿಸಿ, ಮೆಕ್ಯಾನಿಕರನ್ನು ಒದಗಿಸುವುದು ಅದರ ಕೆಲಸ. ಬಂಡವಾಳ ಹಾಕಿದವರಲ್ಲಿ ಕಾನಿಯಾತೋ ಸಹೋದರರು ಮುಖ್ಯರು. ಆಲ್ಫಾ ರೋಮಿಯೋ ಸಣ್ಣದೊಂದು ಪಾಲು ಕೊಂಡಿತು. ಇನ್ನೊಂದು ಸಣ್ಣ ಪಾಲನ್ನು ಕೊಂಡದ್ದು ಪಿರೆಲ್ಲಿ ಎಂಬ ಟೈರು ಕಂಪೆನಿ. ಹೀಗೆ ಹುಟ್ಟಿದ ದಿನದಿಂದಲೇ ಆ ತಂಡದಲ್ಲಿ ರಬ್ಬರಿಗೂ ಒಂದು ಪಾಲಿತ್ತು. 1932ರಲ್ಲಿ ಮಗ ಡೀನೋ ಹುಟ್ಟಿದ ಮೇಲೆ ಫೆರಾರಿ ತಾನು ಪಂದ್ಯಕ್ಕಿಳಿಯುವುದನ್ನು ನಿಲ್ಲಿಸಿದನು.

ಕಾರ್ಖಾನೆಯಿಲ್ಲದ ಈ ತಂಡ ಪರರ ಕಾರುಗಳನ್ನು ನಂಬಿ ಬದುಕುತ್ತಿತ್ತು. 1933ರಲ್ಲಿ ಆಲ್ಫಾ ರೋಮಿಯೋ ಹಣಕಾಸಿನ ತೊಂದರೆಗೆ ಸಿಕ್ಕಿ ಸರಕಾರದ ಕೈಸೇರಿತು. ಪಂದ್ಯಗಳಿಂದ ಹಿಂದೆ ಸರಿದು ತನ್ನ ಅತ್ಯುತ್ತಮ ಕಾರುಗಳಿಗೆ ಬೀಗ ಹಾಕಿತು. ಪಿರೆಲ್ಲಿಯವರ ಮಧ್ಯಸ್ಥಿಕೆಯಿಂದಲೇ ಆ ಕಾರುಗಳು ಫೆರಾರಿಯ ಲಾಯಕ್ಕೆ ಬಂದವು. ಟೈರು ಕಂಪೆನಿಗೆ ಇದರಿಂದೇನು ಲಾಭವೆಂದು ವಾಚಕರು ಕೇಳಬಹುದು. ಗೆದ್ದ ಕಾರಿನ ಟೈರು ಮಾರುಕಟ್ಟೆಯಲ್ಲಿ ಮಾರಾಟವಾಗುತ್ತದೆ. ಆದ್ದರಿಂದ ಗೆಲ್ಲುವ ಕಾರು ಓಡುತ್ತಿರಬೇಕು. ಈ ಸರಳ ಲೆಕ್ಕವು ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಟೈರಿನ ಮಹಿಮೆ ಎಂತಹುದೆಂಬುದಕ್ಕೆ 1935ರ ಜರ್ಮನ್ ಗ್ರ್ಯಾಂಡ್ ಪ್ರೀ ಸಾಕ್ಷಿ. ಆಗ ಜರ್ಮನಿಯ ಮರ್ಸಿಡಿಸ್ ಮತ್ತು ಆಟೋ ಯೂನಿಯನ್ ಕಾರುಗಳನ್ನು ಮೀರಿಸುವವರಿರಲಿಲ್ಲ. ನ್ಯೂರ್ಬರ್ಗ್‌ರಿಂಗ್ ಎಂಬ ಬೆಟ್ಟಗಾಡಿನ ಹಾದಿಯಲ್ಲಿ ಅವರ ಒಂಬತ್ತು ಕಾರುಗಳ ಎದುರು ಫೆರಾರಿಯ ತಂಡದಿಂದ ಟಾಜಿಯೋ ನುವೊಲಾರಿಯು ಹಳೆಯ ಆಲ್ಫಾ ಕಾರನ್ನು ಓಡಿಸಿದನು. ಕೊನೆಯ ಸುತ್ತು ಆರಂಭವಾದಾಗ ಮರ್ಸಿಡಿಸ್ ಕಾರಿನ ಫಾನ್ ಬ್ರೌಖಿಚ್ ಅರ್ಧ ನಿಮಿಷಕ್ಕೂ ಹೆಚ್ಚು ಮುಂದಿದ್ದನು. ಆದರೆ ಬಲಶಾಲಿಯಾದ ಭಾರಿ ಕಾರನ್ನು ಆತನು ಓಡಿಸಿದ ಬಗೆಗೆ ಹಿಂದಿನ ಟೈರು ಸವೆದು ಸವೆದು, ಆ ಕೊನೆಯ ಸುತ್ತಿನಲ್ಲಿಯೇ ಒಡೆಯಿತು. ನುವೊಲಾರಿ ಗೆದ್ದನು. ಕರ್ಣನ ರಥದ ಗಾಲಿಯನ್ನು ಭೂಮಿ ನುಂಗಿದ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ತೀರ ಹೊಸದೆನಿಸದು. ಆದರೆ ಇಲ್ಲಿ ಶಾಪವೇನೂ ಇರಲಿಲ್ಲ. ಇದ್ದದ್ದು ಬಲಕ್ಕೂ ರಬ್ಬರಿಗೂ ನಡುವಿನ ಲೆಕ್ಕ. ಇಂಜಿನ್ನಿನ ಬಲ ಹೆಚ್ಚಿದಂತೆಲ್ಲ ಟೈರಿನ ಆಯುಸ್ಸು ಕುಗ್ಗುತ್ತದೆ. ಎರಡನ್ನೂ ತೂಗಿ ಓಡಿಸಬಲ್ಲವನೇ ಗುರಿ ಮುಟ್ಟುತ್ತಾನೆ.

ಕಣದಲ್ಲಿ ಗೆದ್ದ ಫೆರಾರಿ ಒಡೆತನದ ಆಟದಲ್ಲಿ ಸೋತನು. 1937ರಲ್ಲಿ ಆಲ್ಫಾ ರೋಮಿಯೋ ಆತನ ತಂಡದ ಶೇಕಡಾ 80 ಪಾಲನ್ನು ಕೊಂಡಿತು. ಮರುವರ್ಷ ತಂಡವನ್ನೇ ತನ್ನೊಳಗೆ ಸೇರಿಸಿಕೊಂಡಿತು. ನಿನ್ನೆಯ ಯಜಮಾನನು ಇಂದು ಸಂಬಳದ ಅಧಿಕಾರಿಯಾದನು. ಮೇಲಿನವರೊಡನೆ ಹೊಂದಿಕೆಯಾಗದೆ 1939ರಲ್ಲಿ ಹೊರಬಂದನು. ಹೊರಬರುವಾಗ ನಾಲ್ಕು ವರ್ಷ ತನ್ನ ಹೆಸರಿನಲ್ಲಿ ಪಂದ್ಯಕ್ಕೆ ಇಳಿಯಕೂಡದೆಂಬ ಕರಾರಿಗೆ ಒಳಪಟ್ಟಿದ್ದನು. ತನ್ನ ಹೆಸರೇ ತನ್ನದಲ್ಲದಂತಾದ ಆ ಅವಮಾನವನ್ನು ಆತನು ಮರೆಯಲಿಲ್ಲ. 1940ರ ಮಿಲ್ಲೆ ಮಿಲ್ಯಾ ಪಂದ್ಯಕ್ಕೆ ಆತನು ಕಟ್ಟಿದ ಎರಡು ಕಾರುಗಳು ಹೆಸರಿಲ್ಲದ ಮಕ್ಕಳಂತೆ ಕೇವಲ 815 ಎಂಬ ಅಂಕಿಯನ್ನು ಹೊತ್ತು ಓಡಿದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯು ಯಂತ್ರೋಪಕರಣಗಳನ್ನು ತಯಾರಿಸುತ್ತ ಉಳಿಯಿತು. 1943ರಲ್ಲಿ ಅದು ಮೊದೆನಾದ ಸಮೀಪದ ಮರನೆಲ್ಲೋ ಎಂಬ ಹಳ್ಳಿಗೆ ಸ್ಥಳಾಂತರವಾಯಿತು. ಅಲ್ಲಿಯೂ ಬಾಂಬುಗಳು ಬಿದ್ದವು. ಮತ್ತೆ ಕಟ್ಟಿದನು. 1947ರಲ್ಲಿ ಹನ್ನೆರಡು ಸಿಲಿಂಡರುಗಳ ಇಂಜಿನ್ನುಳ್ಳ, ತನ್ನ ಹೆಸರನ್ನೇ ಹೊತ್ತ ಮೊದಲ ಕಾರು ಹೊರಬಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಟ್ಯೂರಿನ್ನಿನ ಅದೇ ವಾಲೆಂಟಿನೋ ಉದ್ಯಾನದಲ್ಲಿ ನಡೆದ ಪಂದ್ಯವನ್ನು ಆತನ ಕಾರು ಗೆದ್ದಿತು. ಫೆರಾರಿ ಹಳೆಯ ಬೆಂಚನ್ನು ಹುಡುಕಿ ಹೋಗಿ ಕುಳಿತನು. 1949ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನೂ, 1951ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಗೆಲುವನ್ನೂ ಸಾಧಿಸಿದನು. ಆ ದಿನ ಸೋತದ್ದು ಆತನು ಬೆಳೆದ ಮನೆಯೇ ಆದ ಆಲ್ಫಾ ರೋಮಿಯೋ. 1952 ಮತ್ತು 1953ರಲ್ಲಿ ಆಲ್ಬರ್ಟೋ ಅಸ್ಕಾರಿಯೂ 1956ರಲ್ಲಿ ಹುವಾನ್ ಮಾನ್ವೆಲ್ ಫಾಂಜಿಯೋವೂ ಆತನ ಕಾರುಗಳಲ್ಲಿ ವಿಶ್ವ ಚಾಂಪಿಯನ್ನರಾದರು.

ಇತರ ಕಂಪೆನಿಗಳು ಕಾರು ಮಾರುವುದಕ್ಕಾಗಿ ಪಂದ್ಯಕ್ಕಿಳಿಯುತ್ತಿದ್ದವು. ಫೆರಾರಿ ಪಂದ್ಯಕ್ಕಿಳಿಯುವುದಕ್ಕಾಗಿ ಕಾರು ಮಾರುತ್ತಿದ್ದನು. ಲಾಭವೆಲ್ಲ ಪಂದ್ಯಕ್ಕೆ ಹೋಗುತ್ತಿತ್ತು. ಅರ್ಥಶಾಸ್ತ್ರದ ತರಗತಿಯಲ್ಲಿ ಒಡೆತನವೂ ಆಡಳಿತವೂ ಬೇರೆಬೇರೆಯಾಗುವುದೇ ಆಧುನಿಕ ಉದ್ಯಮದ ಲಕ್ಷಣವೆಂದು ನಾವು ಓದುತ್ತೇವೆ. ಮರನೆಲ್ಲೋದಲ್ಲಿ ಅವೆರಡೂ ಒಬ್ಬ ಮನುಷ್ಯನ ಕೋಟಿನ ಜೇಬಿನಲ್ಲಿದ್ದವು. ಯಾವ ಚಾಲಕ ಯಾವ ಕಾರನ್ನು ಓಡಿಸಬೇಕು, ಯಾವ ಟೈರು ಹಾಕಬೇಕು ಎಂಬೆಲ್ಲದಕ್ಕೂ ಕೊನೆಯ ಒಪ್ಪಿಗೆ ಆತನದೇ. ಚಾಲಕರನ್ನು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿಟ್ಟು ನೋಡುವುದು ಆತನ ಅಭ್ಯಾಸವಾಗಿತ್ತೆಂದು ಹಲವರು ದೂರಿದ್ದಾರೆ.

1956ರ ಜೂನ್ 30ರಂದು ಮಗ ಡೀನೋ ಸ್ನಾಯುಗಳು ಕ್ಷೀಣಿಸುವ ರೋಗದಿಂದ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಮೇಲೆ ಫೆರಾರಿ ಕಪ್ಪು ಕನ್ನಡಕವಿಲ್ಲದೆ ಜನರೆದುರು ಕಾಣಿಸಿಕೊಂಡದ್ದು ಅಪರೂಪ. ಪಂದ್ಯಗಳಿಗೆ ಹೋಗುವುದನ್ನು ಬಹುತೇಕ ಬಿಟ್ಟುಬಿಟ್ಟನು. ಮರನೆಲ್ಲೋದ ತನ್ನ ಕೋಣೆಯಲ್ಲಿ ಕುಳಿತು, ದೂರದ ಕಣದಲ್ಲಿ ಏನಾಯಿತೆಂಬುದನ್ನು ಟೆಲಿಫೋನಿನಲ್ಲಿ ಕೇಳುತ್ತಿದ್ದನು. ಇದನ್ನು ಓದಿದಾಗಲೆಲ್ಲ ನನಗೆ ಸಂಜಯನ ಬಾಯಿಂದ ಕುರುಕ್ಷೇತ್ರದ ವಾರ್ತೆ ಕೇಳುತ್ತ ಕುಳಿತ ಧೃತರಾಷ್ಟ್ರನ ಚಿತ್ರ ಮನಸ್ಸಿಗೆ ಬರುತ್ತದೆ. ಆತನಿಗೂ ವಾರ್ತೆಗಳು ಅನೇಕ ಸಲ ಸಾವಿನ ವಾರ್ತೆಗಳೇ ಆಗಿದ್ದವು.

ಅವುಗಳಲ್ಲಿ ಅತ್ಯಂತ ಘೋರವಾದದ್ದು 1957ರ ಮೇ 12ರದು. ಮಿಲ್ಲೆ ಮಿಲ್ಯಾ ಎಂದರೆ ಸಾವಿರ ಮೈಲಿ. ಬ್ರೆಷಿಯಾದಿಂದ ರೋಮಿಗೆ ಹೋಗಿ ಮರಳಿ ಬ್ರೆಷಿಯಾಕ್ಕೆ, ಸಾಮಾನ್ಯ ಜನರ ರಸ್ತೆಗಳಲ್ಲಿಯೇ, ಊರುಗಳ ನಡುವೆಯೇ ನಡೆಯುತ್ತಿದ್ದ ಪಂದ್ಯ ಅದು. ಓಟ ಮುಗಿಯಲು ಇನ್ನು ಸ್ವಲ್ಪವೇ ದೂರವಿದ್ದಾಗ, ಗುಯಿದಿಜ್ಜೋಲೋ ಎಂಬ ಹಳ್ಳಿಯ ಬಳಿ ನೇರ ರಸ್ತೆಯಲ್ಲಿ ಸ್ಪೇನಿನ ಚಾಲಕ ಆಲ್ಫಾನ್ಸೋ ದೆ ಪೋರ್ತಾಗೋ ಓಡಿಸುತ್ತಿದ್ದ ಫೆರಾರಿ ಕಾರಿನ ಟೈರು ಒಡೆಯಿತು. ಕಾರು ದಾರಿ ಬಿಟ್ಟು ಜನರ ಮೇಲೆ ಹಾರಿತು. ಪೋರ್ತಾಗೋ ಮತ್ತು ಆತನ ಜೊತೆಗಾರ ನೆಲ್ಸನ್ ಅಲ್ಲದೆ ರಸ್ತೆಯ ಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐದು ಮಂದಿ ಮಕ್ಕಳು.

ಟೈರು ಏಕೆ ಒಡೆಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಉರುಳುವ ಟೈರಿನ ತಳಭಾಗವು ನೆಲಕ್ಕೆ ಒತ್ತಿದಾಗ ಚಪ್ಪಟೆಯಾಗುತ್ತದೆ, ನೆಲ ಬಿಟ್ಟೊಡನೆ ಮತ್ತೆ ಗುಂಡಾಗುತ್ತದೆ. ವೇಗವಾಗಿ ಓಡುವಾಗ ಸೆಕೆಂಡಿಗೆ ಎಷ್ಟೋ ಸಲ ಹೀಗೆ ಬಾಗಿ ನೆಟ್ಟಗಾಗುವುದರಿಂದ ಒಳಗೆ ಶಾಖ ಹುಟ್ಟುತ್ತದೆ. ತಕ್ಕಷ್ಟು ಶಾಖ ಬೇಕೇ ಬೇಕು. ತಣ್ಣನೆಯ ರಬ್ಬರು ಮರದಂತೆ ಗಟ್ಟಿಯಾಗಿದ್ದು ನೆಲವನ್ನು ಹಿಡಿಯದು. ಹದವಾಗಿ ಕಾದಾಗ ಅದು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಒತ್ತಿಕೊಂಡು ಕಾರನ್ನು ತಿರುವಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಹದ ಮೀರಿದರೆ ಮೇಲ್ಮೈ ಗುಳ್ಳೆ ಏಳುತ್ತದೆ, ಹಿಡಿತ ತಪ್ಪುತ್ತದೆ. ಇನ್ನೂ ಮೀರಿದರೆ ರಬ್ಬರು ಒಳಗಿನ ನೂಲಿನ ಪದರದಿಂದ ಕಿತ್ತುಕೊಂಡು ಹೋಗುತ್ತದೆ. ದೋಸೆಯ ಹಂಚಿನ ಹದದಂತೆಯೇ ಇದು. ಕಾಯದಿದ್ದರೂ ಕೆಡುಕು, ಅತಿಯಾಗಿ ಕಾದರೂ ಕೆಡುಕು. ಮೆತ್ತನೆಯ ರಬ್ಬರು ಹೆಚ್ಚು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಆದರೆ ಅಷ್ಟು ಹಿಡಿಯದು.

ಬೆಲ್ಜಿಯಮ್ಮಿನ ಎಂಗಲ್‌ಬೆರ್ ಕಂಪೆನಿಯ ಟೈರುಗಳನ್ನು ಆ ಕಾರಿಗೆ ಹಾಕಲಾಗಿತ್ತು. ಅಷ್ಟು ವೇಗದ ಕಾರಿಗೆ ಆ ಟೈರುಗಳು ತಕ್ಕವಲ್ಲವೆಂಬ ಆರೋಪ ಹುಟ್ಟಿತು. ನರಹತ್ಯೆಯ ಮೊಕದ್ದಮೆ ಹೂಡಿದ್ದು ಒಡೆಯನಾದ ಫೆರಾರಿಯ ಮೇಲೆ. ರಸ್ತೆಯ ಮೇಲಿನ ವಸ್ತುವೊಂದಕ್ಕೆ ತಾಗಿ ಟೈರು ಸೀಳಿರಬೇಕೆಂಬ ವಾದವೂ ಎದ್ದಿತು. ವಿಚಾರಣೆ ವರ್ಷಗಟ್ಟಲೆ ಎಳೆದು 1961ರಲ್ಲಿ ಆತನು ನಿರ್ದೋಷಿಯೆಂದು ತೀರ್ಪಾಯಿತು. ಈ ನಡುವೆ 1958ರಲ್ಲಿ ಲೂಯಿಜಿ ಮುಸ್ಸೋ, ಪೀಟರ್ ಕಾಲಿನ್ಸ್ ಎಂಬ ಆತನ ಚಾಲಕರಿಬ್ಬರು ಕೆಲವೇ ವಾರಗಳ ಅಂತರದಲ್ಲಿ ಮಡಿದರು. ತನ್ನ ಮಕ್ಕಳನ್ನೇ ನುಂಗುವ ಪುರಾಣದ ದೇವತೆಗೆ ವ್ಯಾಟಿಕನ್ನಿನ ಪತ್ರಿಕೆ ಆತನನ್ನು ಹೋಲಿಸಿತು.

ಮಿಲ್ಲೆ ಮಿಲ್ಯಾ ಪಂದ್ಯವು ಆ ಹಳೆಯ ರೂಪದಲ್ಲಿ ಮತ್ತೆ ನಡೆಯಲಿಲ್ಲ. ಆದರೆ ಫೆರಾರಿ ನಿಲ್ಲಲಿಲ್ಲ. ಪಂದ್ಯದ ಖರ್ಚು ಮಾತ್ರ ಏರುತ್ತಲೇ ಹೋಯಿತು. 1963ರಲ್ಲಿ ಅಮೆರಿಕದ ಫೋರ್ಡ್ ಸಂಸ್ಥೆ ಆತನ ಕಾರ್ಖಾನೆಯನ್ನು ಕೊಳ್ಳಲು ಮುಂದೆ ಬಂದಿತು. ಮಾತುಕತೆ ಬಹುಮಟ್ಟಿಗೆ ಮುಗಿದಿತ್ತು. ಆದರೆ ಪಂದ್ಯದ ವೆಚ್ಚಕ್ಕೆ ಅಮೆರಿಕದ ಒಪ್ಪಿಗೆ ಬೇಕೆಂಬ ಷರತ್ತನ್ನು ಕಂಡೊಡನೆ ಫೆರಾರಿ ಎದ್ದುಹೋದನು. ಆಲ್ಫಾ ರೋಮಿಯೋ ಕಲಿಸಿದ ಪಾಠ ಆತನಿಗೆ ಮರೆತಿರಲಿಲ್ಲ. ಕೆರಳಿದ ಫೋರ್ಡ್ ಸಂಸ್ಥೆ ತಾನೇ ಕಾರು ಕಟ್ಟಿ 1966ರ ಲೆ ಮಾನ್ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳನ್ನೂ ಗೆದ್ದಿತು. 1965ರಲ್ಲಿ ಗೆದ್ದಿದ್ದ ಫೆರಾರಿ ಕಾರು ಲೆ ಮಾನ್ ಪಂದ್ಯವನ್ನು ಮತ್ತೆ ಗೆದ್ದದ್ದು 2023ರಲ್ಲಿ. ಒಂದು ಷರತ್ತಿಗೆ ಒಪ್ಪದಿದ್ದುದರ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

1969ರಲ್ಲಿ ಫಿಯಟ್ ಸಂಸ್ಥೆ ಫೆರಾರಿಯ ಅರ್ಧ ಪಾಲನ್ನು ಕೊಂಡಿತು. ಹಿಂದೆ ಕೆಲಸ ಕೊಡದೆ ಹಿಂದಕ್ಕೆ ಕಳುಹಿಸಿದ ಸಂಸ್ಥೆಯೇ ಹಣ ಹಿಡಿದು ಬಾಗಿಲಿಗೆ ಬಂದಿತೆಂದು ಹೇಳಿ ಸಂತೋಷಪಡುವವರುಂಟು. ನನಗೆ ಮುಖ್ಯವಾಗಿ ಕಾಣುವುದು ಒಪ್ಪಂದದ ಸ್ವರೂಪ. ಮಾರಾಟದ ಕಾರುಗಳ ಕಾರ್ಖಾನೆ ಫಿಯಟ್ಟಿನ ವಶಕ್ಕೆ ಹೋಯಿತು. ಪಂದ್ಯದ ವಿಭಾಗವು ಬದುಕಿರುವವರೆಗೂ ಮುದುಕನ ಕೈಯಲ್ಲೇ ಉಳಿಯಿತು. ಹಣ ಪರರದು, ಮಾತು ತನ್ನದು. ಅಲ್ಲಿಂದ ಮುಂದೆ ನಿಕಿ ಲೌಡಾ 1975 ಮತ್ತು 1977ರಲ್ಲಿ ವಿಶ್ವ ಚಾಂಪಿಯನ್ನನಾದನು.

ಟೈರಿನ ವಿಷಯದಲ್ಲಿಯೂ ಆತನು ಧೈರ್ಯದ ಹೆಜ್ಜೆ ಇಟ್ಟನು. ಆಗ ಹೆಚ್ಚಿನ ತಂಡಗಳು ಅಮೆರಿಕದ ಗುಡ್‌ಇಯರ್ ಟೈರುಗಳನ್ನು ಬಳಸುತ್ತಿದ್ದವು. ಅವುಗಳಲ್ಲಿ ನೂಲಿನ ಪದರಗಳು ಚಾಪೆಯ ಹೆಣಿಗೆಯಂತೆ ಓರೆಯಾಗಿ ಒಂದನ್ನೊಂದು ದಾಟುತ್ತಿದ್ದವು. ಫ್ರಾನ್ಸಿನ ಮಿಶೆಲಿನ್ ಕಂಪೆನಿಯ ರೇಡಿಯಲ್ ಟೈರಿನಲ್ಲಿ ನೂಲುಗಳು ಅಂಚಿನಿಂದ ಅಂಚಿಗೆ ನೇರವಾಗಿ ಹೋಗುತ್ತವೆ. ಅವುಗಳ ಮೇಲೆ ಬಿಗಿಯಾದ ಪಟ್ಟಿಯೊಂದು ಸುತ್ತಿರುತ್ತದೆ. ಪದರಗಳ ಒಳ ತಿಕ್ಕಾಟ ಕಡಿಮೆಯಾದ್ದರಿಂದ ಶಾಖವೂ ಕಡಿಮೆ, ನೆಲಕ್ಕೆ ತಾಗುವ ಭಾಗವೂ ಹೆಚ್ಚು ಸಮತಟ್ಟು. ಹಿಂದೆ ಒಂದು ಟೈರಿನಿಂದ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದ ಮನುಷ್ಯನು 1978ರಲ್ಲಿ ಈ ಹೊಸ ಟೈರನ್ನು ಒಪ್ಪಿಕೊಂಡನು. ಆ ವರ್ಷ ಬ್ರೆಜಿಲ್ ಪಂದ್ಯದಲ್ಲಿ ಕಾರ್ಲೋಸ್ ರಾಯಿಟೆಮನ್ ಗೆದ್ದದ್ದು ಮಿಶೆಲಿನ್ನಿಗೂ ಫಾರ್ಮುಲಾ ಒನ್ನಿನಲ್ಲಿ ಮೊದಲ ಗೆಲುವು. 1979ರಲ್ಲಿ ಜೋಡಿ ಷೆಕ್ಟರ್ ಇದೇ ಟೈರುಗಳ ಮೇಲೆ ವಿಶ್ವ ಚಾಂಪಿಯನ್ನನಾದನು. ಮುಂದೆ 1982ರಲ್ಲಿ ಫೆರಾರಿ ತಂಡ ಮತ್ತೆ ಗುಡ್‌ಇಯರಿಗೆ ಮರಳಿತು.

ಆ ಕಾಲದಲ್ಲಿ ಅರ್ಹತಾ ಓಟಕ್ಕೆಂದೇ ಒಂದೆರಡು ಸುತ್ತು ಮಾತ್ರ ಬಾಳುವ ಅತಿ ಮೆತ್ತನೆಯ ಟೈರುಗಳಿದ್ದವು. ಟೈರು ಸಾಯುವ ಮುನ್ನ ಸುತ್ತು ಮುಗಿಸಬೇಕು; ಎದುರಿಗೆ ನಿಧಾನದ ಕಾರು ಬಂದರೂ ತಗ್ಗುವಂತಿಲ್ಲ. ಇಂತಹ ಒಂದು ಅರ್ಹತಾ ಓಟದಲ್ಲಿ, 1982ರ ಮೇ 8ರಂದು ಬೆಲ್ಜಿಯಮ್ಮಿನ ಜೋಲ್ಡರ್ ಎಂಬಲ್ಲಿ, ಫೆರಾರಿ ಬಹಳ ಪ್ರೀತಿಸಿದ್ದ ಕೆನಡಾದ ಜಿಲ್ ವಿಲ್ಲನೋವ್ ನಿಧಾನವಾಗಿ ಹೋಗುತ್ತಿದ್ದ ಕಾರೊಂದಕ್ಕೆ ತಾಗಿ ಮಡಿದನು. ಟೈರಿನ ಸ್ವಭಾವವು ಮನುಷ್ಯನ ಸ್ವಭಾವವನ್ನೂ ಹೇಗೆ ಅವಸರಕ್ಕೆ ದೂಡಬಲ್ಲದೆಂಬುದಕ್ಕೆ ಆ ಕಾಲದ ಅರ್ಹತಾ ಓಟಗಳೇ ನಿದರ್ಶನ.

ಎಂಜೋ ಫೆರಾರಿ 1988ರ ಆಗಸ್ಟ್ 14ರಂದು ಮೊದೆನಾದಲ್ಲಿ ತೀರಿಕೊಂಡನು. ಆ ವರ್ಷದ ಹದಿನಾರು ಪಂದ್ಯಗಳಲ್ಲಿ ಹದಿನೈದನ್ನು ಮೆಕ್ಲಾರೆನ್ ತಂಡ ಗೆದ್ದಿತು. ಉಳಿದ ಒಂದೇ ಒಂದು ಪಂದ್ಯ, ಆತನು ಸತ್ತು ತಿಂಗಳು ತುಂಬುವ ಮೊದಲೇ ಇಟಲಿಯ ಮೊಂಜಾದಲ್ಲಿ ನಡೆದದ್ದು. ಅದರಲ್ಲಿ ಮೊದಲ ಎರಡು ಸ್ಥಾನಗಳು ಫೆರಾರಿ ಕಾರುಗಳಿಗೆ ಬಂದವು.

ಒಪ್ಪಂದದಂತೆ ಆತನ ಮರಣಾನಂತರ ಫಿಯಟ್ಟಿನ ಪಾಲು ಶೇಕಡಾ 90ಕ್ಕೆ ಏರಿತು. ಇನ್ನೊಬ್ಬ ಮಗ ಪಿಯೆರೋವಿನ ಬಳಿ ಶೇಕಡಾ 10 ಉಳಿಯಿತು. 2015ರಲ್ಲಿ ಕಂಪೆನಿಯ ಷೇರುಗಳು ನ್ಯೂಯಾರ್ಕಿನ ಪೇಟೆಗೆ ಬಂದವು. ತಂಡಗಳ ಒಡೆತನವು ಈಗ ದೇಶದೇಶಗಳ ಹಣವಂತರ ಕೈಯಲ್ಲಿ ತಿರುಗುತ್ತಿದೆ. ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರು 2007ರಲ್ಲಿ ಪಾಲುದಾರರೊಡನೆ ಒಂದು ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟುದು ವಾಚಕರಿಗೆ ನೆನಪಿರಬಹುದು. 2008ರಲ್ಲಿ ಆ ತಂಡದ ಕಾರಿನಲ್ಲಿದ್ದದ್ದು ಫೆರಾರಿ ಇಂಜಿನ್ನೇ. 2009ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಪಂದ್ಯದಲ್ಲಿ ಅದು ಎರಡನೆಯ ಸ್ಥಾನ ಗಳಿಸಿತು. 2018ರಲ್ಲಿ ಹಣವಿಲ್ಲದೆ ಆಡಳಿತಾಧಿಕಾರಿಗಳ ಕೈಸೇರಿ ಬೇರೆಯವರ ಪಾಲಾಯಿತು. ಕಾರಿನ ವೇಗ ಕುಗ್ಗಿರಲಿಲ್ಲ. ಒಡೆಯನ ಖಜಾನೆ ಬರಿದಾಗಿತ್ತು.

ಟೈರಿನ ಕಥೆಯೂ ಮುಂದುವರಿಯಿತು. 2004ರಲ್ಲಿ ಬ್ರಿಡ್ಜ್‌ಸ್ಟೋನ್ ಟೈರುಗಳ ಮೇಲೆ ಫೆರಾರಿ ತಂಡವು ಹದಿನೆಂಟು ಪಂದ್ಯಗಳಲ್ಲಿ ಹದಿನೈದನ್ನು ಗೆದ್ದಿತು. 2005ರಲ್ಲಿ ಓಟದ ನಡುವೆ ಟೈರು ಬದಲಾಯಿಸಕೂಡದೆಂಬ ನಿಯಮ ಬಂದಿತು. ಅದೇ ಚಾಲಕರು, ಅದೇ ಹಣ. ಆದರೆ ಆ ವರ್ಷ ಗೆದ್ದದ್ದು ಒಂದೇ ಪಂದ್ಯ. ಅದೂ ಇಂಡಿಯಾನಪೊಲಿಸ್ಸಿನಲ್ಲಿ, ಆರು ಕಾರುಗಳು ಮಾತ್ರ ಓಡಿದ ಪಂದ್ಯ. ಅಲ್ಲಿನ ಓರೆ ತಿರುವಿನಲ್ಲಿ ತನ್ನ ಟೈರುಗಳು ಒತ್ತಡ ತಡೆಯಲಾರವೆಂದು ಅಭ್ಯಾಸದ ಸಮಯದಲ್ಲಿ ಕಂಡುಕೊಂಡ ಮಿಶೆಲಿನ್ ಕಂಪೆನಿ, ಹಾಗೆಯೇ ಓಡುವುದು ಸುರಕ್ಷಿತವಲ್ಲವೆಂದು ತನ್ನ ತಂಡಗಳಿಗೆ ತಿಳಿಸಿತು. ಹದಿನಾಲ್ಕು ಕಾರುಗಳು ಹಿಂದೆ ಸರಿದವು. ಪ್ರೇಕ್ಷಕರು ಕೆರಳಿ ಕೂಗಾಡಿದರು. ಕಂಪೆನಿಯು ಟಿಕೆಟ್ಟಿನ ಹಣವನ್ನು ಹಿಂದಿರುಗಿಸಬೇಕಾಯಿತು. 2007ರಿಂದ ಎಲ್ಲ ತಂಡಗಳಿಗೂ ಒಂದೇ ಕಂಪೆನಿಯ ಟೈರು ಎಂಬ ಪದ್ಧತಿ ಬಂದಿದೆ. 2011ರಿಂದ ಆ ಕಂಪೆನಿ, 1929ರಲ್ಲಿ ಸ್ಕುದೇರಿಯಾದಲ್ಲಿ ಪಾಲು ಕೊಂಡಿದ್ದ ಪಿರೆಲ್ಲಿಯೇ.

ಇಂಡಿಯಾನಪೊಲಿಸ್ಸಿನ ಆ ದಿನವನ್ನು ಪಂದ್ಯಪ್ರಿಯರು ನಾಚಿಕೆಯ ದಿನವೆಂದು ಇಂದಿಗೂ ಆಡಿಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಗುಯಿದಿಜ್ಜೋಲೋದ ರಸ್ತೆಯ ಬದಿಯಲ್ಲಿ ನಿಂತಿದ್ದ ಐದು ಮಕ್ಕಳನ್ನು ನೆನೆದಾಗ, ಟೈರು ಒಡೆಯುವ ಮೊದಲೇ ಬೇಡವೆಂದು ಹೇಳುವ ಒಬ್ಬರು 1957ರಲ್ಲಿ ಇದ್ದಿದ್ದರೆ ಎನಿಸುತ್ತದೆ. ನ್ಯಾಯಾಲಯವು ಫೆರಾರಿಯನ್ನು ನಿರ್ದೋಷಿಯೆಂದಿತು. ಅದನ್ನು ನಾವು ಒಪ್ಪಬೇಕು. ಆದರೆ ಕೊನೆಯ ಮಾತು ತನ್ನದೇ ಆಗಬೇಕೆಂದು ಬಾಳೆಲ್ಲ ಹೋರಾಡಿದವನ ಹೆಗಲ ಮೇಲೆ ಕೊನೆಯ ಹೊಣೆಯೂ ಬಂದು ಕೂರುತ್ತದೆ. ಕಾನೂನು ಇಳಿಸಿದರೂ ಅದು ಇಳಿಯದು. ಒಡೆತನವೆಂಬುದು ಹಕ್ಕು ಮಾತ್ರವಲ್ಲ, ಋಣವೂ ಹೌದು. ಆ ಹಕ್ಕಿಗಾಗಿ ಹೋರಾಡಿದ ಎಂಜೋ ಫೆರಾರಿಯ ಛಲವನ್ನು ನಾನು ಮೆಚ್ಚುತ್ತೇನೆ. ಆ ಋಣವನ್ನು ನೆನೆಯದೆ ಆತನನ್ನು ಹೊಗಳಲು ಮಾತ್ರ ನನ್ನ ಲೇಖನಿ ಏಳದು.